ಮೀನಿನ ಮಾತಾಡಿ ಚುಚ್ಚುವ ವಿದ್ಯೆ

ಹೊನ್ನಾವರದ ತರಬೇತಿ ಕೇಂದ್ರದಲ್ಲಿ ವೈದ್ಯಕೀಯ ಸಹಾಯಕರ ಕೋರ್ಸಿಗೆ ಸೇರುವ ಹುಡುಗಿಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು: "ಮೇಡಂ, ಈ ಸರ್ಟಿಫಿಕೇಟ್ ಇಲ್ಲದಿದ್ರೂ ಕೆಲಸ ಸಿಗ್ತದೆ ಅಂತಾರಲ್ಲ, ಹೌದಾ?"

ಸಿಗುತ್ತದೆ. ನನಗೂ ಸಿಕ್ಕಿತ್ತು. ಭಟ್ಕಳದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಯಾವ ಸರ್ಟಿಫಿಕೇಟೂ ಇಲ್ಲದೆ ಅರ್ಧ ಆಯುಷ್ಯ ದುಡಿದೆ. ಆಮೇಲೆ, ಕೂದಲು ನೆರೆಯುವ ವಯಸ್ಸಿನಲ್ಲಿ, ಅದೇ ಸರ್ಟಿಫಿಕೇಟಿಗಾಗಿ ಮಕ್ಕಳ ಪ್ರಾಯದವರ ಜೊತೆ ಬೆಂಚಿನ ಮೇಲೆ ಕುಳಿತು, ಮೊದಲ ಸಲ ಫೇಲಾಗಿ, ಕೆಲಸ ಕಳೆದುಕೊಳ್ಳುವ ಅಂಚಿಗೆ ಬಂದು ನಿಂತೆ. ಈಗ ನಿವೃತ್ತಳಾಗಿದ್ದೇನೆ. ಬಡ್ತಿ, ಸನ್ಮಾನಗಳ ಕಥೆ ನನ್ನ ಬಳಿ ಇಲ್ಲ. ಫೇಲಾದ ಕಥೆ ಇದೆ. ಈ ಕೆಲಸಕ್ಕೆ ಬರುವವರಿಗೆ ಅದರಿಂದಲೇ ಹೆಚ್ಚು ಉಪಯೋಗವಾದೀತು.

ನಮ್ಮದು ಅಪ್ಸರಕೊಂಡದ ಹತ್ತಿರದ ಊರು. ಅಪ್ಪ ಗುಡ್ಡದ ಮೇಲೆ ಚಿರೆಕಲ್ಲು ಕಡಿಯುತ್ತಿದ್ದ. ಅವ್ವ ಮಳೆಗಾಲದಲ್ಲಿ ಕಂಡವರ ಗದ್ದೆಯಲ್ಲಿ ನಟ್ಟಿ ಮಾಡುತ್ತಿದ್ದಳು, ಬೇಸಿಗೆಯಲ್ಲಿ ಅದೇ ಚಿರೆಕಲ್ಲು ಹೊರುತ್ತಿದ್ದಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬಿ.ಎ. ಮಾಡಿದೆ, ಇತಿಹಾಸದಲ್ಲಿ. ಪದವಿ ಪತ್ರ ಬಂದ ದಿನ ಅಪ್ಪ ಅದನ್ನು ಪೇಟೆಗೆ ಒಯ್ದು ಕಟ್ಟು ಹಾಕಿಸಿ ತಂದ. ಗಣಪತಿ ಫೋಟೋವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ, ಅದರ ಸಾಲಿನಲ್ಲೇ ಮೊಳೆ ಹೊಡೆದ. ಯಾರು ಮನೆಗೆ ಬಂದರೂ, "ಅದು ನಮ್ಮ ಸುಮಿತ್ರಂದು" ಎನ್ನುತ್ತಿದ್ದ. ಬಂದವರಿಗೆ ಓದಲು ಬರುತ್ತಿರಲಿಲ್ಲ, ಅಪ್ಪನಿಗೂ ಬರುತ್ತಿರಲಿಲ್ಲ. ಆದರೂ ಎಲ್ಲರೂ ಒಂದು ಗಳಿಗೆ ಅದರ ಎದುರು ನಿಲ್ಲುತ್ತಿದ್ದರು.

ಇತಿಹಾಸ ಓದಿದವಳಿಗೆ ಕರಾವಳಿಯಲ್ಲಿ ಕೆಲಸವೆಲ್ಲಿ? ಶಾಲೆಯ ಕೆಲಸಕ್ಕೆ ಬಿ.ಎಡ್. ಬೇಕು, ಅದನ್ನು ಓದಿಸುವ ತಾಕತ್ತು ಮನೆಯಲ್ಲಿ ಇರಲಿಲ್ಲ. ಭಟ್ಕಳದಲ್ಲಿ ಒಬ್ಬ ಡಾಕ್ಟರಿಗೆ ಓದು ಬಲ್ಲ ಹುಡುಗಿ ಬೇಕಂತೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದರು. ಮಾರನೆಯ ದಿನವೇ ಹೋದೆ. ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು.

"ಎಂತ ಓದಿದ್ದು?"

"ಬಿ.ಎ., ಸಾರ್. ಹಿಸ್ಟರಿ."

"ಇಲ್ಲಿ ಹಿಸ್ಟರಿ ಅಂದ್ರೆ ಕೆಮ್ಮು ಎಷ್ಟು ದಿನದಿಂದ ಉಂಟು ಅಂತ ಕೇಳೂದು. ಕೇಳ್ಲಿಕ್ಕೆ ಬರ್ತದಾ? ರಕ್ತ ಕಂಡ್ರೆ ತಲೆ ತಿರುಗ್ತದಾ?"

ಬರುತ್ತದೆ, ತಿರುಗುವುದಿಲ್ಲ ಎಂದೆ. ಅದೇ ನನ್ನ ಸಂದರ್ಶನ, ಅದೇ ನನ್ನ ಪ್ರವೇಶ ಪರೀಕ್ಷೆ. ತರಬೇತಿ ಎಂದರೆ ಡಾಕ್ಟರ ಹಿಂದೆ ನಿಂತು ನೋಡುವುದು. ಮೊದಲ ಮಳೆಗಾಲವಿಡೀ ನಾನು ಮಾಡಿದ್ದು ಗಾಜಿನ ಸಿರಿಂಜುಗಳನ್ನು ಸ್ಟವ್ವಿನ ಮೇಲೆ ಕುದಿಸುವುದು ಮತ್ತು ಮೊಂಡಾದ ಸೂಜಿಗಳನ್ನು ಸಾಣೆಕಲ್ಲಿಗೆ ತಿಕ್ಕುವುದು. ಹೌದು, ಸೂಜಿಯನ್ನು ತಿಕ್ಕಿ ಮತ್ತೆ ಬಳಸುತ್ತಿದ್ದೆವು. ಈಗಿನ ಹುಡುಗಿಯರಿಗೆ ಹೇಳಿದರೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಆಗ ಅದೇ ಪದ್ಧತಿ. ಕೆಲ ವರ್ಷಗಳಲ್ಲಿ ಬಳಸಿ ಎಸೆಯುವ ಸಿರಿಂಜು ಬಂತು, ಸ್ಟವ್ವು ಡಾಕ್ಟರ ಚಹಾಕ್ಕಷ್ಟೇ ಉಳಿಯಿತು.

ಡಾಕ್ಟರು ಸಿಟ್ಟಿನ ಮನುಷ್ಯ, ಆದರೆ ಸಿಟ್ಟನ್ನು ಮನೆಗೆ ಒಯ್ಯುತ್ತಿರಲಿಲ್ಲ. ಬೈದರೆ ರೋಗಿಗಳ ಎದುರೇ ಬೈಯುತ್ತಿದ್ದರು, ಹೊಗಳಿದರೂ ಅವರ ಎದುರೇ. ಅವರಿಂದ ತಿಂದ ಮೊದಲ ದೊಡ್ಡ ಬೈಗುಳ ಅವಲಕ್ಕಿಯ ದೆಸೆಯಿಂದ.

ಮಾವಳ್ಳಿ ಕಡೆಯಿಂದ ಒಬ್ಬ ಅಜ್ಜಿ ಬರುತ್ತಿದ್ದಳು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ನೋಡಬೇಕಿತ್ತು. "ನಾಳೆ ಬೆಳಿಗ್ಗೆ ಊಟ ಗೀಟ ಮಾಡದೇ ಬನ್ನಿ" ಎಂದು ಕಳಿಸಿದೆ. ಮಾರನೆಯ ದಿನ ರಕ್ತ ತೆಗೆದೆವು, ಸಕ್ಕರೆ ತೀರಾ ಜಾಸ್ತಿ ಬಂತು. ಡಾಕ್ಟರು ಮಾತ್ರೆಯ ಪ್ರಮಾಣ ಏರಿಸಲು ಪೆನ್ನು ತೆಗೆದವರು, ಅದೇಕೋ ತಡೆದು ಕೇಳಿದರು.

"ಅಜ್ಜೀ, ಎಂತದೂ ತಿನ್ಲಿಲ್ಲ ಅಲ್ದಾ?"

"ಇಲ್ಲ ಒಡೆಯ, ಎಂತದೂ ಇಲ್ಲ. ಊಟ ಮಾಡೇ ಇಲ್ಲ."

"ಚಾ?"

"ಚಾ ಕುಡಿದೆ. ಚಾ ಕುಡೀದೆ ಬಸ್ ಹತ್ತೂದು ಹೆಂಗೆ?"

"ಚಾದ ಸಂಗ್ತಿಗೆ?"

"ಒಂದು ಮುಷ್ಟಿ ಅವಲಕ್ಕಿ, ಬೆಲ್ಲ ಹಾಕಿ. ಎರಡು ಬಾಳೆಹಣ್ಣು. ಅದೆಲ್ಲ ಊಟವಾ?"

ಏಕಾದಶಿಯ ದಿನ ಅನ್ನ ಬಿಟ್ಟು ಅವಲಕ್ಕಿ, ಹಣ್ಣು ತಿಂದು ಉಪವಾಸ ಮಾಡುವ ಮನೆಯವಳು ಆಕೆ. ಅವಳ ಲೆಕ್ಕದಲ್ಲಿ ಗಂಜಿಯೋ ಅನ್ನವೋ ಹೊಟ್ಟೆಗೆ ಬೀಳುವವರೆಗೆ ಹೊಟ್ಟೆ ಖಾಲಿಯೇ. ನನ್ನ ಮನೆಯಲ್ಲೂ ಅದೇ ಲೆಕ್ಕ. ಆದರೂ ನನಗೆ ಹೊಳೆಯಲಿಲ್ಲ. "ನೀನು ಇದೇ ಊರಿನವಳಲ್ವಾ? ಹೆಂಗೆ ಕೇಳ್ಬೇಕು ಅಂತ ಗೊತ್ತಿಲ್ವಾ? ನಾನು ಮಾತ್ರೆ ಏರಿಸಿದ್ರೆ ಅಜ್ಜಿ ಬಸ್ಸಲ್ಲೇ ಬೀಳ್ತಿದ್ಳು!" ಎಂದು ಡಾಕ್ಟರು ಕೂಗಿದ್ದು ಹೊರಗೆ ಔಷಧಿ ಅಂಗಡಿಯವರಿಗೂ ಕೇಳಿಸಿತು. ಅಜ್ಜಿ ಮಾತ್ರ ನನ್ನ ಕೈ ಹಿಡಿದು, "ಅವ್ರು ಹಂಗೇ. ನೀ ಬೇಜಾರ ಮಾಡ್ಬೇಡ ತಂಗಿ" ಎಂದಳು. ಅಂದಿನಿಂದ ನನ್ನ ಪ್ರಶ್ನೆ ಬದಲಾಯಿತು: "ಎದ್ದ ಮೇಲೆ ಬಾಯಿಗೆ ಎಂತೆಂತ ಹಾಕಿದ್ರಿ, ಒಂದೊಂದಾಗಿ ಹೇಳಿ." ಎಲೆಅಡಿಕೆಯಿಂದ ಹಿಡಿದು ಎಲ್ಲವೂ ಹೊರಗೆ ಬರುತ್ತಿತ್ತು.

ಈ ಪಾಠದಲ್ಲಿ ನಾನು ಕಲಿಯದೇ ಬಿಟ್ಟ ಒಂದು ಅರ್ಧವಿತ್ತು. ರೋಗಿಯನ್ನು ಸರಿಯಾಗಿ ಕೇಳುವುದು ಕಲಿತೆ. ರೋಗಿಗೆ ಸರಿಯಾಗಿ ಹೇಳುವುದು ಕಲಿಯಲಿಲ್ಲ.

ನಮ್ಮ ಕಡೆಯವರು ಸಮುದ್ರಕ್ಕೆ ಹೆದರುವುದಿಲ್ಲ, ಹಾವಿಗೆ ಹೆದರುವುದಿಲ್ಲ, ಸೂಜಿಗೆ ಹೆದರುತ್ತಾರೆ. ದೋಣಿಯಲ್ಲಿ ಬಲೆ ಎಳೆಯುವ ಕಟ್ಟುಮಸ್ತು ಆಳುಗಳು ಸಿರಿಂಜು ಕಂಡರೆ ತೋಳು ಬಿಗಿ ಹಿಡಿದುಬಿಡುತ್ತಿದ್ದರು. ಬಿಗಿದ ಮಾಂಸಕ್ಕೆ ಸೂಜಿ ಹಾಕಿದರೆ ನೋವು ಇಮ್ಮಡಿ. ಹೀಗೆ ಒಬ್ಬ ಕಲ್ಲಿನಂತೆ ತೋಳು ಬಿಗಿದು ಕೂತಾಗ, ಏನು ಮಾಡುವುದೆಂದು ತೋಚದೆ ಕೇಳಿದೆ: "ಇವತ್ತು ಎಂತ ಮೀನು ಬಂದದೆ?"

"ಬಂಗಡೆ ರಾಶಿ ಬಂದದೆ ಅಕಾ, ಆದ್ರೆ ಸಣ್ಣ..." ಎಂದು ಅವನು ಗಾತ್ರ ತೋರಿಸಲು ಇನ್ನೊಂದು ಕೈ ಎತ್ತಿದ. ಈ ತೋಳು ಸಡಿಲವಾಯಿತು. ಚುಚ್ಚಿದೆ. "ಆತು" ಎಂದೆ. "ಆತಾ? ಗೊತ್ತೇ ಆಗ್ಲಿಲ್ಲ!" ಎಂದು ನಕ್ಕ.

ಅಲ್ಲಿಂದ ಶುರುವಾಯಿತು ನನ್ನ ವಿದ್ಯೆ. ಮೀನು ತಿನ್ನುವವರಿಗೆ ಮೀನು, ತೋಟದವರಿಗೆ ಅಡಿಕೆ ದರ, ಮುದುಕಿಯರಿಗೆ ಸೊಸೆ. ಮಾತು ಅರ್ಧಕ್ಕೆ ಬಂದಾಗ ಚುಚ್ಚುವುದು. ಮೊದಲೇ ಚುಚ್ಚಿದರೆ ಬಿಗಿ, ಮುಗಿದ ಮೇಲೆ ಚುಚ್ಚಿದರೆ ಮತ್ತೆ ಬಿಗಿ. ಆ ನಡುವಿನ ಗಳಿಗೆಯನ್ನು ಹಿಡಿಯುವುದರಲ್ಲಿ ನನ್ನಷ್ಟು ಪಳಗಿದವರು ಪೇಟೆಯಲ್ಲಿ ಇರಲಿಲ್ಲ. ಕ್ಲಿನಿಕ್ಕಿನ ಹೆಂಗಸನ್ನು ಬಾಯಿ ಎಂದು ಕರೆಯುವ ಊರು, ನಾನು ಬಿ.ಎ. ಬಾಯಿಯಾದೆ. ಬಿ.ಎ. ಬಾಯಿಯ ಕೈಯಲ್ಲಿ ಸೂಜಿ ಹಾಕಿಸಿಕೊಂಡರೆ ಗೊತ್ತೇ ಆಗುವುದಿಲ್ಲ ಎಂದು ಹೆಸರಾಯಿತು. ಜಾಲಿಯಿಂದ, ಶಿರಾಲಿಯಿಂದ ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. ಡಾಕ್ಟರೂ ಹೊಸಬರಿಗೆ ತೋರಿಸಿ ಹೇಳುತ್ತಿದ್ದರು, "ನೋಡಿ, ಇದು ಯಾವ ಕಾಲೇಜಲ್ಲೂ ಕಲಿಸೂದಿಲ್ಲ." ನಾನು ಹೆಮ್ಮೆಯಿಂದ ಬೀಗಿದೆ. ಸುಳ್ಳು ಹೇಳುವುದಿಲ್ಲ, ಪದವಿ ಪತ್ರ ಕೊಡದ ಹೆಮ್ಮೆಯನ್ನು ಅದು ಕೊಟ್ಟಿತ್ತು.

ಡಾಕ್ಟರಿಗೆ ವಯಸ್ಸಾಯಿತು, ಕೈ ನಡುಗತೊಡಗಿತು. ಒಂದು ದಿನ ಅವರೇ ಬಾಗಿಲು ಹಾಕುವ ತೀರ್ಮಾನ ಮಾಡಿದರು. ಕುಮಟಾದ ಒಂದು ದೊಡ್ಡ ಆಸ್ಪತ್ರೆಗೆ ನನ್ನನ್ನು ಶಿಫಾರಸು ಮಾಡಿದರು. ಆಗ ಅಪ್ಪ ತೀರಿಕೊಂಡಿದ್ದ, ನಾವು ತವರುಮನೆಯಲ್ಲೇ ಅವ್ವನ ಜೊತೆಗಿದ್ದೆವು. ನನ್ನ ಗಂಡ ಸೊಂಟದ ನೋವಿನಿಂದ ಲಾರಿ ಓಡಿಸುವುದನ್ನು ಬಿಟ್ಟಿದ್ದ, ಮಗಳು ಪಿಯುಸಿಯಲ್ಲಿದ್ದಳು. ಮನೆ ನಡೆಯುತ್ತಿದ್ದುದು ನನ್ನ ಸಂಬಳದಿಂದ.

ಕುಮಟಾದ ಆಸ್ಪತ್ರೆಯ ಮ್ಯಾನೇಜರು ಸಭ್ಯ ಮನುಷ್ಯ. ಎಲ್ಲವನ್ನೂ ಕೇಳಿಕೊಂಡು ಹೇಳಿದರು, "ನಿಮ್ಮ ಅನುಭವದ ಬಗ್ಗೆ ನನಗೆ ಅನುಮಾನ ಇಲ್ಲ ಮೇಡಂ. ಆದ್ರೆ ಈಗ ಸರ್ಟಿಫಿಕೇಟ್ ಇಲ್ಲದವರನ್ನ ರೋಗಿ ಹತ್ರ ಬಿಡೂದಿಲ್ಲ. ತಾತ್ಕಾಲಿಕ ಅಂತ ತಗೊಳ್ತೇವೆ. ಒಂದು ವರ್ಷದೊಳಗೆ ತಂದುಕೊಡಿ. ಇಲ್ಲಾ ಅಂದ್ರೆ ನನ್ನ ಕೈಲಿಲ್ಲ."

"ನಾನು ಗ್ರಾಜುಯೇಟ್, ಸಾರ್" ಎಂದೆ.

"ಯಾವುದ್ರಲ್ಲಿ?"

ಅರ್ಜಿಗೆ ಸಹಿ ಹಾಕಿ ಎದ್ದು ಬಂದೆ.

ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳಿಗೆ ಅರ್ಥವೇ ಆಗಲಿಲ್ಲ. ಗೋಡೆ ತೋರಿಸಿ, "ಅದು ಉಂಟಲ್ಲೇ? ಅದನ್ನೇ ತಕಂಡು ಹೋಗು. ಕಟ್ಟು ಬಿಚ್ಚಿ ಕೊಡ್ವಾ?" ಎಂದಳು.

ಹೀಗೆ ಹೊನ್ನಾವರದ ತರಬೇತಿ ಕೇಂದ್ರಕ್ಕೆ ಸೇರಿದೆ. ವಾರಕ್ಕೆ ಕೆಲವು ದಿನ ಕುಮಟಾದ ಡ್ಯೂಟಿ ಮುಗಿಸಿ ನೇರ ಕ್ಲಾಸಿಗೆ. ಬೆಂಚು ಮಕ್ಕಳಿಗೆಂದು ಮಾಡಿದ್ದು, ಮೊಣಕಾಲು ಹಿಡಿಸುತ್ತಿರಲಿಲ್ಲ. ಪಕ್ಕದ ಹುಡುಗಿಯರು ಮೊದಲ ದಿನ ನನ್ನನ್ನು ಟೀಚರೆಂದು ತಿಳಿದು ಎದ್ದು ನಿಂತರು. ಅಲ್ಲವೆಂದು ಗೊತ್ತಾದ ಮೇಲೆ ಒಬ್ಬಳು, "ಅಯ್ಯೋ, ಹಂಗಾದ್ರೆ ನಮ್ಗೆ ಕಾಪಿ ಹೊಡಿಲಿಕ್ಕೆ ಅನುಕೂಲ ಆತಲ್ಲ!" ಎಂದಳು. ನಾನೂ ನಕ್ಕೆ. ಒಳಗೊಳಗೇ, ನೋಡ್ತಿರಿ, ನಿಮಗೆಲ್ಲ ನಾನೇ ಕಲಿಸಬೇಕಾದೀತು ಎಂದುಕೊಂಡೆ.

ನಮಗೆ ಕಲಿಸುತ್ತಿದ್ದವಳು ಜಾಲಿಯ ಜರೀನಾ. ನರ್ಸಿಂಗ್ ಪದವೀಧರೆ, ನನ್ನ ಅರ್ಧ ವಯಸ್ಸಿನವಳು. ಮೆದು ಮಾತು, ಆದರೆ ಬಿಡುವ ಪೈಕಿ ಅಲ್ಲ. ಬಳಸಿದ ಸೂಜಿಗೆ ಎರಡೂ ಕೈಯಿಂದ ಮುಚ್ಚಳ ಹಾಕುವುದು ನನ್ನ ಹಳೆಯ ರೂಢಿ. ಪ್ರತಿ ಸಲ ಅವಳು ನನ್ನ ಮಣಿಕಟ್ಟು ಹಿಡಿಯುತ್ತಿದ್ದಳು. "ಅಕ್ಕಾ, ಮುಚ್ಚಳ ಬೇಡ. ನೇರ ಡಬ್ಬಕ್ಕೆ. ಮುಚ್ಚಳ ಹಾಕ್ಲಿಕ್ಕೆ ಹೋಗಿಯೇ ಎಲ್ಲರೂ ಚುಚ್ಚಿಕೊಳ್ಳೂದು."

"ಇಷ್ಟು ವರ್ಷದಲ್ಲಿ ನಾನು ಒಂದು ಸಲವೂ ಚುಚ್ಚಿಕೊಳ್ಳಲಿಲ್ಲ" ಎಂದೆ.

"ಪುಣ್ಯ. ಆದ್ರೆ ಪುಣ್ಯ ಸಿಲೆಬಸ್ಸಲ್ಲಿ ಇಲ್ಲ."

ಹುಡುಗಿಯರು ಕಿಸಕ್ಕನೆ ನಕ್ಕರು. ನನಗೆ ಮೈಯುರಿಯಿತು. ಆದರೆ ಥಿಯರಿ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ನನಗೇ ಬಂತು. ಓದಿ ಗೆದ್ದವಳು ನಾನು, ಓದಿಗೆ ಹೆದರುವವಳಲ್ಲ. ಉಳಿದದ್ದು ಪ್ರಾಯೋಗಿಕ. ಅದರ ಬಗ್ಗೆ ಯೋಚನೆಯೇ ಇರಲಿಲ್ಲ.

ಪ್ರಾಯೋಗಿಕ ಪರೀಕ್ಷೆಗೆ ಕೇಂದ್ರದವರು ಸುತ್ತಲಿನ ಊರಿನವರನ್ನು ಉಚಿತ ತಪಾಸಣೆಗೆ ಕರೆಯುತ್ತಾರೆ. ಬೊಂಬೆಯ ಮೇಲೆ ಮಾಡುವುದು ಬೇರೆ, ಜೀವದ ಮೇಲೆ ಮಾಡುವುದು ಬೇರೆ, ಅದಕ್ಕೆ. ರಕ್ತದೊತ್ತಡ ನೋಡಬೇಕು, ಬೆರಳ ತುದಿಗೆ ಚುಚ್ಚಿ ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡಬೇಕು. ಪರೀಕ್ಷಕರು ಹೊರಜಿಲ್ಲೆಯವರು, ಕಡಿಮೆ ಮಾತಿನವರು. ನನ್ನ ಎದುರು ಕೂತವಳು ಮೀನು ಮಾರುವ ಹೆಂಗಸು. ನನಗೆ ನಗು ಬಂತು. ದೇವರೇ ಕಳಿಸಿದ ಹಾಗೆ.

ಕೈ ತೊಳೆದೆ, ಕೈಗವಸು ಹಾಕಿದೆ, ಬೆರಳು ಒರೆಸಿದೆ. "ಎಂತ ಮೀನು ತಂದಿದ್ಯೇ ಇವತ್ತು?"

"ತಾರ್ಲೆ ಅಕಾ. ಆದ್ರೆ ಇವತ್ತು ಗಿರಾಕಿನೇ..."

ಚುಚ್ಚಿ ಆಗಿತ್ತು. ದುಂಡನೆಯ ಹನಿ, ಒಂದೇ ಸಲಕ್ಕೆ. ಸೂಜಿಯನ್ನು ಮುಚ್ಚಳವಿಲ್ಲದೆ ನೇರ ಡಬ್ಬಕ್ಕೆ ಹಾಕಿ, ಜರೀನಾಳ ಕಡೆ ಹೆಮ್ಮೆಯಿಂದ ನೋಡಿದೆ. ಅವಳು ನನ್ನನ್ನು ನೋಡದೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮೀನಿನ ಹೆಂಗಸು ಬೆರಳನ್ನು ಸೆರಗಿನಲ್ಲಿ ಹಿಡಿದುಕೊಂಡು ಸುಮ್ಮನಾಗಿಬಿಟ್ಟಳು. ಗಿರಾಕಿಯ ಮಾತನ್ನು ಮುಂದುವರಿಸಲಿಲ್ಲ. ಅದನ್ನು ಅಂದು ನಾನು ಗಮನಿಸಲಿಲ್ಲ. ಈಗ ನೆನಪಾಗುತ್ತದೆ.

ಫಲಿತಾಂಶ ಬಂತು. ಪ್ರಾಯೋಗಿಕದಲ್ಲಿ ಫೇಲು. ಕಾಪಿ ಹೊಡೆಯುವವಳೂ ಪಾಸಾಗಿದ್ದಳು.

ನಾನು ಜರೀನಾಳ ಕೋಣೆಗೆ ಹೋಗಿ ಜಗಳವನ್ನೇ ಆಡಿದೆ. "ಹನಿ ಸರಿ ಬಂತು, ರೀಡಿಂಗ್ ಸರಿ ಬಂತು. ಅವಳಿಗೆ ನೋವೇ ಆಗ್ಲಿಲ್ಲ. ಎಲ್ಲಿ ತಪ್ಪಿದ್ದು ನಾನು?"

"ಎಂತ ಮಾಡ್ತೇನೆ ಅಂತ ಹೇಳ್ಬೇಕು, ಮಾಡ್ಲಾ ಅಂತ ಕೇಳ್ಬೇಕು, ಅವ್ರು ಹ್ಞೂಂ ಅಂದ್ಮೇಲೆ ಮುಟ್ಟಬೇಕು. ಅದು ತಪ್ಪಿದ್ರೆ ಉಳಿದದ್ದು ನೋಡೂದೇ ಇಲ್ಲ ಅಕ್ಕಾ. ಕ್ಲಾಸಲ್ಲಿ ಎಷ್ಟು ಸಲ ಹೇಳಿದ್ದೆ."

"ಅದೆಲ್ಲ ಪುಸ್ತಕದ ಮಾತು. ಕೇಳಿದ್ರೆ ಹೆದರ್ತಾರೆ. ಹೆದರಿದ್ರೆ ಬಿಗಿ ಹಿಡೀತಾರೆ. ನಾನು ಮಾಡಿದ್ದು ಅವ್ರ ಒಳ್ಳೇದಕ್ಕೆ."

ಜರೀನಾ ಸ್ವಲ್ಪ ಹೊತ್ತು ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಸರಿಸಿದಳು. ಆಮೇಲೆ, "ನಾನು ನಿಮ್ಮ ಕ್ಲಿನಿಕ್ಕಿಗೆ ಬಂದಿದ್ದೆ ಅಕ್ಕಾ. ಸಣ್ಣವಳಿದ್ದಾಗ. ನಿಮಗೆ ನೆನಪಿರೂದಿಲ್ಲ" ಎಂದಳು.

ನೆನಪಿರಲಿಲ್ಲ.

"ಜ್ವರ ಬಂದಿತ್ತು. ಅಮ್ಮಾ ಕರಕೊಂಡು ಬಂದಿದ್ರು. ನಮ್ಮ ಅಬ್ಬಾ ಆಗಷ್ಟೇ ದುಬೈಯಿಂದ ರಜೆಗೆ ಬಂದಿದ್ರು. ನೀವು ನನ್ನ ಗಲ್ಲ ಹಿಡಿದು ಕೇಳಿದ್ರಿ, 'ಅಬ್ಬಾ ದುಬೈಯಿಂದ ಎಂತ ತಂದ್ರು?' ಅಂತ. ಅಲ್ಲಿವರೆಗೆ ಯಾರೂ ಕೇಳಿರ್ಲಿಲ್ಲ ನನ್ನತ್ರ. ಕಣ್ಣು ಮುಚ್ಚಿ ತೆಗೆಯುವ ಗೊಂಬೆ ತಂದಿದ್ರು. ಅದನ್ನ ಹೇಳ್ಬೇಕು ಅಂತ ಬಾಯಿ ತೆರೆದೆ. ಆಗ ಚುಚ್ಚಿದ್ರಿ."

ನಾನು ಎದುರಿನ ಕುರ್ಚಿ ಎಳೆದುಕೊಂಡು ಕೂತೆ.

"ನೋವು ಆಗ್ಲಿಲ್ಲ ಅಕ್ಕಾ. ನೀವು ಹೇಳೂದು ಖರೆ. ಆದ್ರೆ ಆಮೇಲೆ ಯಾರಾದ್ರೂ 'ಅಬ್ಬಾ ಎಂತ ತಂದ್ರು' ಅಂತ ಕೇಳಿದ್ರೆ ನಾನು ತೋಳು ಹಿಡ್ಕೊಂಡು ಓಡ್ತಿದ್ದೆ. ಮನೇಲಿ ಎಲ್ಲರೂ ನಗ್ತಿದ್ರು. ಅಬ್ಬಾ ಒಬ್ರೇ ನಗ್ಲಿಲ್ಲ. ಮುಂದಿನ ರಜೆಗೆ ಬಂದಾಗ ನನ್ನತ್ರ ಕೇಳ್ದೇ ಸುಮ್ನೆ ಪೆಟ್ಟಿಗೆ ಬಿಚ್ಚಿ ಇಟ್ರು."

ಅವಳು ಇದನ್ನು ದೂರುವ ದನಿಯಲ್ಲಿ ಹೇಳಲಿಲ್ಲ. ಹೇಳಿ ಮುಗಿಸಿ ಚಹಾ ತರಿಸಿದಳು. ಕುಡಿದು ಬಸ್ ಹತ್ತಿದೆ. ಶರಾವತಿ ಸೇತುವೆ ದಾಟುವಾಗ ನನಗೆ ಹೊಳೆದದ್ದು ಒಂದೇ ಮಾತು. ನನ್ನ ಕೈಗೆ ಇಷ್ಟು ವರ್ಷ ತೋಳು ಕೊಟ್ಟವರಲ್ಲಿ ಎಷ್ಟು ಜನರ ಮಾತು ಹೀಗೆ ಅರ್ಧಕ್ಕೆ ನಿಂತಿದೆಯೋ, ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗದ ಹಾಗೆ ಚುಚ್ಚುತ್ತೇನೆ ಎಂಬ ಹೆಸರು ನನ್ನದು. ಗೊತ್ತಾಗದೇ ಇದ್ದದ್ದು ನನಗೆ.

ಮರುಪರೀಕ್ಷೆಗೆ ಒಂದು ಅವಕಾಶವಿತ್ತು. ಅದು ಕೈತಪ್ಪಿದರೆ ಮ್ಯಾನೇಜರ ಗಡುವಿನೊಳಗೆ ಇನ್ನೊಂದು ಇರಲಿಲ್ಲ. ಕುಮಟಾದಲ್ಲಿ ನನ್ನನ್ನು ರೋಗಿಯ ಹತ್ತಿರ ಬಿಡದ ಕಾರಣ ಅಭ್ಯಾಸಕ್ಕೂ ದಾರಿ ಇರಲಿಲ್ಲ. ಮನೆಯಲ್ಲಿ ಅವ್ವನನ್ನು ಕೂರಿಸಿಕೊಂಡೆ. ಸೂಜಿಯಿಲ್ಲದ ಕೈಯಿಂದಲೇ, "ಅವ್ವಾ, ಈಗ ನಿನ್ನ ಬೆರಳಿಗೆ ಚುಚ್ತೆ. ಇರುವೆ ಕಚ್ಚಿದಷ್ಟು ನೋಯ್ತದೆ. ಚುಚ್ಲಾ?" ಎನ್ನುತ್ತಿದ್ದೆ.

"ಚುಚ್ಚು ಮಾರಾಯ್ತಿ, ಅನ್ನ ಸೀಯ್ತದೆ ಅಲ್ಲಿ."

ಆ ಮೂರು ಮಾತು ಬಾಯಿಪಾಠ ಮಾಡುವುದು ಕಷ್ಟವಲ್ಲ. ಕೇಳಿದ ಮೇಲೆ ಸುಮ್ಮನೆ ಕಾಯುವುದು ಕಷ್ಟ. ಅವ್ವ ಉತ್ತರ ಕೊಡುವ ಮೊದಲೇ ನನ್ನ ಕೈ ಮುಂದೆ ಹೋಗುತ್ತಿತ್ತು. ಮಗಳು ಪಕ್ಕದಲ್ಲಿ ಕೂತು, "ಅಮ್ಮಾ, ಹೋತು! ಮತ್ತೆ ಫೇಲು!" ಎಂದು ಕೂಗುತ್ತಿದ್ದಳು.

ಮರುಪರೀಕ್ಷೆಯ ದಿನ ಅದೇ ಪರೀಕ್ಷಕರು, ಅದೇ ಕೋಣೆ. ನನ್ನ ಎದುರು ಬಂದು ಕೂತವಳು ಹೊನ್ನಾವರದ ಹೊಳೆಯಾಚೆಯ ಕಾಸರಕೋಡು ಕಡೆಯ ಒಬ್ಬ ಹೆಂಗಸು, ಹೆಸರು ಗಣಪಿ. ನೆರೆಮನೆಯವಳ ಜೊತೆಗೆ ಸುಮ್ಮನೆ ಬಂದವಳು. ನನ್ನ ಹೆಸರು ಹೇಳಿದೆ, ಅವಳ ಹೆಸರು ಕೇಳಿದೆ. ರಕ್ತದೊತ್ತಡ ನೋಡಿದೆ. ಅಷ್ಟಕ್ಕೆ ಅವಳು ತೋಳು ಕೊಟ್ಟಳು. ಆಮೇಲೆ ಹೇಳಿದೆ, "ಈಗ ಬೆರಳ ತುದಿಗೆ ಸಣ್ಣ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೀತೆ. ಸಕ್ಕರೆ ಉಂಟಾ ನೋಡ್ಲಿಕ್ಕೆ. ಇರುವೆ ಕಚ್ಚಿದ ಹಂಗೆ ಆಗ್ತದೆ. ಚುಚ್ಲಾ?"

ಕಾದೆ.

"ಬ್ಯಾಡ" ಎಂದಳು ಗಣಪಿ.

ಕೋಣೆಯಲ್ಲಿ ಉಳಿದವರೆಲ್ಲ ಚುಚ್ಚಿ, ಹನಿ ತೆಗೆದು, ರೀಡಿಂಗ್ ಬರೆಯುತ್ತಿದ್ದರು. ನಾನು ತರಬೇತಿಯಲ್ಲಿ ಎಲ್ಲದಕ್ಕೂ ತಯಾರಾಗಿದ್ದೆ, ಇದಕ್ಕೆ ಆಗಿರಲಿಲ್ಲ. ಕೇಳಿದರೆ ಹ್ಞೂಂ ಎನ್ನುತ್ತಾರೆ ಎಂದುಕೊಂಡಿದ್ದೆ. ಕೇಳುವುದೆಂದರೆ ಬೇಡ ಎನ್ನಲೂ ಬಿಡುವುದು ಎಂದು ತಲೆಗೆ ಹೋಗಿರಲಿಲ್ಲ.

"ಎಂತಕ್ಕೆ ಬ್ಯಾಡ?" ಎಂದೆ.

"ಹೆದ್ರಿಕೆ ಆಗ್ತದೆ ಅಕಾ. ನಾ ಬರೀ ಪ್ರೆಶರ್ ನೋಡುಕೆ ಬಂದದ್ದು."

"ಗೊತ್ತೇ ಆಗೂದಿಲ್ಲ ಮಾರಾಯ್ತಿ."

"ಗೊತ್ತಾಗ್ದೆ ಎಂತ? ನನ್ನ ಬೆರಳಲ್ಲಾ?"

ಅವಳ ಬೆರಳು ನನ್ನ ಕೈಯಲ್ಲೇ ಇತ್ತು, ಒರೆಸಿ ಒಣಗಿ ತಯಾರಾಗಿತ್ತು. ಪರೀಕ್ಷಕರು ಇನ್ನೊಂದು ಮೇಜಿನ ಕಡೆ ತಿರುಗಿದ್ದರು. ನನ್ನ ನಾಲಿಗೆಯ ತುದಿಗೆ ಮೀನಿನ ಪ್ರಶ್ನೆ ಬಂದು ಕೂತಿತ್ತು. ಕೇಳಿದರೆ ಅವಳು ನಾಲ್ಕು ಮಾತಾಡುತ್ತಿದ್ದಳು, ಎರಡನೆಯ ಮಾತಿಗೆ ಹನಿ ಬರುತ್ತಿತ್ತು, ಮೂರನೆಯದಕ್ಕೆ ನನ್ನ ಕೆಲಸ ಉಳಿಯುತ್ತಿತ್ತು. ಮಗಳ ಫೀಸು, ಗಂಡನ ಸೊಂಟ, ಗೋಡೆಯ ಮೇಲಿನ ಪದವಿ ಪತ್ರ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ಕಣ್ಣು ಮುಚ್ಚಿ ತೆಗೆಯುವ ಗೊಂಬೆಯೂ ಬಂತು.

ಬೆರಳು ಬಿಟ್ಟೆ. ಸೂಜಿಯನ್ನು ತಟ್ಟೆಯಲ್ಲಿಟ್ಟೆ. "ಆತು, ಬ್ಯಾಡ. ಸಕ್ಕರೆ ಒಂದ್ಸಲ ನೋಡಿಸಿದ್ರೆ ಒಳ್ಳೇದು. ನಿಂಗೆ ಮನಸ್ಸಾದಾಗ ಬಾ" ಎಂದೆ. ಕೈಯೆತ್ತಿ ಪರೀಕ್ಷಕರನ್ನು ಕರೆದೆ.

"ರೀಡಿಂಗ್?" ಎಂದರು.

"ಇಲ್ಲ ಸಾರ್. ಅವ್ರು ಬೇಡ ಅಂದ್ರು."

ಅವರು ಗಣಪಿಯನ್ನು ನೋಡಿದರು, ತಟ್ಟೆಯಲ್ಲಿದ್ದ ಸೂಜಿಯನ್ನು ನೋಡಿದರು, ಏನೋ ಬರೆದುಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ. ಮುಂದಿನ ಮೇಜಿಗೆ ಹೋದರು. ನಾನು ಕೈಗವಸು ತೆಗೆದು ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಮುಗಿಯಿತು ಎಂದುಕೊಂಡೆ. ಮ್ಯಾನೇಜರಿಗೆ ಏನೆಂದು ಹೇಳುವುದು ಎಂದು ಮಾತು ಜೋಡಿಸತೊಡಗಿದೆ.

ಗಣಪಿ ನೆರೆಮನೆಯವಳ ಕೆಲಸ ಮುಗಿಯುವವರೆಗೆ ಕೋಣೆಯಲ್ಲೇ ಇದ್ದಳು. ಎಲ್ಲ ಎದ್ದು ಹೋಗುವ ಹೊತ್ತಿಗೆ ನನ್ನ ಹತ್ತಿರ ಬಂದು ನಿಂತಳು. "ಅಕಾ, ನೀ ಚುಚ್ಚುದಾದ್ರೆ ಚುಚ್ಚು ಈಗ" ಎಂದು ಬೆರಳು ಮುಂದೆ ಮಾಡಿದಳು. "ಆ ಬದಿಯವ್ರೆಲ್ಲ ಕೇಳ್ತಾರೆ, ಹ್ಞೂಂ ಅನ್ನುದ್ರೊಳಗೇ ಚುಚ್ತಾರೆ. ನೀ ನಿಲ್ತೆ."

ಪರೀಕ್ಷಕರು ಆಗಲೇ ಕಾರು ಹತ್ತಿ ಹೋಗಿದ್ದರು. ಜರೀನಾಳ ಅನುಮತಿ ಕೇಳಿ, ಮತ್ತೆ ಕೈ ತೊಳೆದು, ಮತ್ತೆ ಹೇಳಿ, ಮತ್ತೆ ಕೇಳಿ, ಅವಳು ಹ್ಞೂಂ ಎಂದ ಮೇಲೆ ಚುಚ್ಚಿದೆ. "ಅಯ್ಯಬ್ಬಾ!" ಎಂದಳು. ನೋವಾಯಿತು ಅವಳಿಗೆ. ನನ್ನ ಕೈಯಲ್ಲಿ ನೋವಾಯಿತೆಂದು ಯಾರಾದರೂ ಎದುರಿಗೇ ಹೇಳಿದ್ದು ಎಷ್ಟೋ ವರ್ಷದ ಮೇಲೆ ಅದೇ ಮೊದಲು. ಸಕ್ಕರೆ ಸರಿಯಾಗಿಯೇ ಇತ್ತು. "ಉಂಟಾ ಇಲ್ವಾ?" ಎಂದು ಕೇಳಿ, ಇಲ್ಲ ಎಂದ ಮೇಲೆ, "ಹಂಗಾರೆ ಸುಮ್ನೇ ಚುಚ್ಚಿದ್ಯಲ್ಲೇ!" ಎಂದು ಬೈದು ಹೋದಳು.

ಪಾಸಾದೆ. ಅಂಕ ಹೇಳಿಕೊಳ್ಳುವಂಥದ್ದಲ್ಲ. ರೀಡಿಂಗಿನ ಅಂಕ ಹೋಗಿತ್ತು, ಉಳಿದದ್ದು ಪಾಸಾಗುವಷ್ಟಿತ್ತು. ಆ ಪರೀಕ್ಷಕರನ್ನು ಮತ್ತೆ ನೋಡಲಿಲ್ಲ. ಸರ್ಟಿಫಿಕೇಟು ಮನೆಗೆ ಬಂದಾಗ ಅವ್ವ ತಿರುಗಿಸಿ ಮುರುಗಿಸಿ ನೋಡಿ, "ಅದಕ್ಕಿಂತ ಸಣ್ಣ ಉಂಟಲ್ಲೇ" ಎಂದಳು. ಆದರೂ ಮಗಳಿಂದ ಕಟ್ಟು ಹಾಕಿಸಿ, ಅಪ್ಪ ಹೊಡೆದ ಮೊಳೆಯ ಪಕ್ಕ ಇನ್ನೊಂದು ಹೊಡೆಸಿದಳು.

ಆಮೇಲೆ ನಿವೃತ್ತಿಯವರೆಗೂ ಕುಮಟಾದಲ್ಲೇ ದುಡಿದೆ. ಹೊನ್ನಾವರದಲ್ಲಿ ಜರೀನಾ ಕರೆದಾಗ ಹೋಗಿ ಹೊಸ ಹುಡುಗಿಯರಿಗೆ ತೋರಿಸಿಕೊಟ್ಟೆ. ಹೇಳಿ, ಕೇಳಿ, ಕಾದು ಚುಚ್ಚಿದರೆ ಜನ ಓಡಿಹೋಗುತ್ತಾರೆ ಎಂದು ನಾನು ನಂಬಿದ್ದೆ. ಕೆಲವರು ಓಡಿದರು, ನಿಜ. ಅವರಲ್ಲಿ ಅನೇಕರು ತಿರುಗಿ ಬಂದರು. ಹೊತ್ತು ಹೆಚ್ಚು ಹಿಡಿಯುತ್ತದೆ, ಹೊರಗೆ ಸಾಲು ಬೆಳೆಯುತ್ತದೆ, ಮೇಲಿನವರು ಬೈಯುತ್ತಾರೆ. ಆ ಬೈಗುಳವೂ ಸಂಬಳದೊಳಗೇ ಸೇರಿದ್ದು ಎಂದು ತಿಳಿಯಿರಿ. ಮೀನಿನ ಮಾತು ಬಿಡಬೇಕಾಗಿಯೂ ಇಲ್ಲ. ಕರಾವಳಿಯಲ್ಲಿ ಅದನ್ನು ಬಿಟ್ಟರೆ ಮಾತೇ ಇಲ್ಲ. ಮಾತಾಡಿ, ಪೂರ್ತಿ ಕೇಳಿ, ಮುಗಿದ ಮೇಲೆ ಸೂಜಿಯ ಮಾತು ತೆಗೆಯಿರಿ.

ಮೊನ್ನೆ ಮೊನ್ನೆ ನನ್ನದೇ ರಕ್ತ ಪರೀಕ್ಷೆಗೆಂದು ಕುಮಟಾಕ್ಕೆ ಹೋಗಿದ್ದೆ, ನಾನು ದುಡಿದ ಆಸ್ಪತ್ರೆಗಲ್ಲ, ಬೇರೆ ಕಡೆ. ಹೊಸ ಹುಡುಗಿ, ಎದೆಯ ಮೇಲೆ ಹೊಸ ಬ್ಯಾಡ್ಜು. ನನ್ನ ಗುರುತು ಅವಳಿಗಿಲ್ಲ. ತೋಳಿಗೆ ಪಟ್ಟಿ ಕಟ್ಟಿದಳು, ಒರೆಸಿದಳು. ಮುದ್ದಾಗಿ ನಕ್ಕು ಕೇಳಿದಳು, "ಎಂತ ಮೀನು ತಂದ್ರಿ ಅಕ್ಕಾ ಇವತ್ತು?"

ನನ್ನ ತೋಳು ತನ್ನಿಂದ ತಾನೇ ಕಲ್ಲಾಯಿತು. ಕೈ ಹಿಂದೆ ಎಳೆದುಕೊಂಡೆ.

"ಯಾರು ಕಲಿಸಿದ್ದು ನಿಂಗೆ ಇದು?"

ಹುಡುಗಿ ಗಾಬರಿಯಾದಳು. "ನಮ್ಮ ಸೀನಿಯರ್ ಹೇಳಿದ್ದು ಅಕ್ಕಾ. ಹಿಂದೆ ಭಟ್ಕಳದಲ್ಲಿ ಒಬ್ರು ಬಾಯಿ ಹಿಂಗೇ ಮಾಡ್ತಿದ್ರಂತೆ. ಸೂಜಿ ಹಾಕಿದ್ದು ಗೊತ್ತೇ ಆಗ್ತಿರ್ಲಿಲ್ಲಂತೆ. ಭಾರೀ ಹೆಸರಂತೆ ಅವ್ರದ್ದು."

"ಆ ಬಾಯಿ ಫೇಲಾದದ್ದು ಹೇಳ್ಲಿಲ್ವಾ ನಿಮ್ಮ ಸೀನಿಯರು?"

ಅವಳಿಗೆ ಅರ್ಥವಾಗಲಿಲ್ಲ. ಕೈಯಲ್ಲಿ ಸೂಜಿ ಹಿಡಿದುಕೊಂಡೇ ನಿಂತಳು. ನಾನು ತೋಳನ್ನು ಮತ್ತೆ ಮೇಜಿನ ಮೇಲಿಟ್ಟೆ. "ಮೀನಿನ ವಿಷಯ ಆಮೇಲೆ ಹೇಳ್ತೆ. ಮೊದಲು ನೀ ಎಂತ ಮಾಡ್ತೆ ಅಂತ ಹೇಳು. ಆಮೇಲೆ ಕೇಳು."

ಹೇಳಿದಳು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ನಿಧಾನಕ್ಕೆ ನೆನಪಿಗೆ ಬಂತು. ಕೊನೆಗೆ, "ಚುಚ್ಲಾ ಅಕ್ಕಾ?" ಎಂದಳು.

ನಾನು ಬೇಕೆಂದೇ ಸುಮ್ಮನಿದ್ದೆ. ಅವಳ ಕೈ ಒಂದು ಚೂರು ಮುಂದೆ ಬಂತು, ತಡೆಯಿತು, ಹಿಂದೆ ಹೋಯಿತು. ನಿಂತಳು. ಹೊರಗೆ ಸಾಲಿನಲ್ಲಿ ಯಾರೋ ಗೊಣಗಿದರು. ಅವಳು ಆ ಕಡೆ ತಿರುಗದೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಚುಚ್ಚು" ಎಂದೆ.

ನೋವಾಯಿತು, ಆಗಬೇಕಾದಷ್ಟು. ಹತ್ತಿ ಒತ್ತಿ ಹಿಡಿದು ಏಳುವಾಗ ತಂದಿದ್ದ ಸಿಗಡಿಯ ಸುದ್ದಿ ಅವಳಿಗೆ ಹೇಳಿದೆ, "ಶೆಟ್ಲಿ. ಆದ್ರೆ ಸಣ್ಣದು, ಸುಲಿದು ಸಾಕಾತು" ಎಂದು. ಪೂರ್ತಿ ಕೇಳಿಸಿಕೊಂಡು, ಮುಂದಿನವರನ್ನು ಕರೆದಳು.